ಮೂರನೇ ಬೋರಿನ ನೀರು

ಗುಂಡಕ್ಕ ಗೇಟು ದಾಟಿ ಒಳಗೆ ಬಂದಾಗ ಅಂಗಳದ ತುಂಬ ಪೊರಕೆಗಳ ಸದ್ದು. ಪೊರಕೆ, ಸಲಿಕೆ, ಬಕೆಟ್ಟು, ಕಸದ ಮೊರ, ಹಳೇ ರಟ್ಟಿನ ತುಂಡು. ಕೈಗೆ ಸಿಕ್ಕಿದ್ದನ್ನು ಹಿಡಿದು ಇಡೀ ಕಟ್ಟಡದ ಜನ ಮರಳು ಬಾಚುತ್ತಿದ್ದರು. ಭೂಮಿ ನಡುಗಿ ಐದು ದಿನವಷ್ಟೇ ಆಗಿತ್ತು. ಮದುವೆಗೆ ಮನೆ ಸಾರಿಸಿ ಗುಡಿಸುವವರ ಹುರುಪು ಅವರಿಗೆ.

"ಮುಟ್ಟಬೇಡಿ! ಯಾರೂ ಮುಟ್ಟಬೇಡಿ ಅದನ್ನ!"

ಅವಳು ಕೂಗಿದ ರಭಸಕ್ಕೆ ನಾಲ್ಕೈದು ಪೊರಕೆ ನಿಂತವು. ಮಿಕ್ಕವು ನಿಲ್ಲಲಿಲ್ಲ. ಜನರಿಗೆ ಕೂಗಾಟ ಕೇಳಿ ಕೇಳಿ ಅಭ್ಯಾಸವಾಗಿತ್ತು.

ಗುಂಡಕ್ಕ ಅಂದರೆ ಗುಂಡುಗುಂಡಗೆ ಇದ್ದಾಳೆಂದು ತಿಳಿಯಬೇಡಿ. ಒಣಗಿದ ಕೋಲಿನಂಥ ಹೆಂಗಸು, ಗಾಳಿ ಜೋರಾದರೆ ಏನನ್ನಾದರೂ ಹಿಡಿದುಕೊಂಡು ನಿಲ್ಲಬೇಕು. ಆ ಹೆಸರು ಬಂದದ್ದು ಅವಳ ಕಬ್ಬಿಣದ ಗುಂಡಿನಿಂದ. ಕಟ್ಟಡ ಕಟ್ಟುವ ಮೊದಲು ನೆಲ ಎಷ್ಟು ಗಟ್ಟಿ ಎಂದು ಪರೀಕ್ಷೆ ಮಾಡಬೇಕಲ್ಲ, ಅದು ಅವಳ ಕಸುಬು. ಮೂರು ಕಾಲಿನ ಕಂಬ ನಿಲ್ಲಿಸಿ, ನೆಲದಲ್ಲಿ ತೊಡೆ ದಪ್ಪದ ತೂತು ಕೊರೆದು, ತಳಕ್ಕೆ ರಾಡು ಇಳಿಸಿ, ಅದರ ತಲೆಯ ಮೇಲೆ ಅರವತ್ತು ಕಿಲೋ ಮೀರಿದ ಗುಂಡನ್ನು ಎರಡೂವರೆ ಅಡಿ ಎತ್ತರದಿಂದ ಬೀಳಿಸುವುದು. ರಾಡು ಒಂದು ಅಡಿ ಇಳಿಯಲು ಎಷ್ಟು ಪೆಟ್ಟು ಬೇಕು ಎಂಬುದೇ ಪರೀಕ್ಷೆ. ಮೂವತ್ತು ಪೆಟ್ಟು ಕೇಳಿದರೆ ನೆಲ ಗಟ್ಟಿ, ಕಣ್ಣು ಮುಚ್ಚಿ ಕಟ್ಟಬಹುದು. ಮೂರು ನಾಲ್ಕು ಪೆಟ್ಟಿಗೇ ಇಳಿದುಹೋದರೆ ಅದು ನೆಲವಲ್ಲ, ನೆಲದ ವೇಷ ಹಾಕಿಕೊಂಡ ನೀರು. ಈ ಕೆಲಸವನ್ನು ಅವಳು ಅಪ್ಪನಿಂದ ಕಲಿತಳು. ಅಪ್ಪ ಬೋರ್ ಮೇಸ್ತ್ರಿ; ಆ ತೂತಿಗೆ ಬೋರು ಎನ್ನುತ್ತಾರೆ.

ಅಂಗಳದಲ್ಲಿ ಇನ್ನೂ ಒಂಬತ್ತು ಗುಡ್ಡೆಗಳು ಉಳಿದಿದ್ದವು. ಒಂದೊಂದೂ ಬೂದು ಬಣ್ಣದ ಮರಳಿನದು, ಊಟದ ತಟ್ಟೆಯಷ್ಟು ಅಗಲದಿಂದ ಹಿಡಿದು ಗಾಡಿಯ ಚಕ್ರದಷ್ಟು ಅಗಲದವರೆಗೆ. ಪ್ರತಿ ಗುಡ್ಡೆಯ ನೆತ್ತಿಯಲ್ಲೂ ಒಂದು ಗುಳಿ, ಆ ಗುಳಿಯಿಂದ ಸುತ್ತಲೂ ಇಳಿಜಾರಾಗಿ ನೀರು ಹರಿದ ಗೆರೆಗಳು. ಶಾಲೆಯ ಪುಸ್ತಕದಲ್ಲಿರುವ ಜ್ವಾಲಾಮುಖಿಯ ಚಿತ್ರವನ್ನು ಗೇಣೆತ್ತರಕ್ಕೆ ಕುಗ್ಗಿಸಿ ಮರಳಿನಲ್ಲಿ ಮಾಡಿಟ್ಟ ಹಾಗೆ. ಗೇಟಿನ ಹತ್ತಿರ ಶುರುವಾಗಿ, ನೆಲದ ಒಂದು ಬಿರುಕಿನ ಗುಂಟ ಸಾಲಾಗಿ ಹೊರಟು, ಅವು ಕಟ್ಟಡದ ಮೂಲೆಯ ಕಂಬದ ಬುಡಕ್ಕೆ ಹೋಗಿ ಸೇರಿದ್ದವು. ಆ ಮೂಲೆ ಒಂದು ಗೇಣು ಕೆಳಗೆ ಕೂತಿತ್ತು. ನಾಲ್ಕು ಮಹಡಿಯ ಕಟ್ಟಡ, ತಲೆ ಒಂಚೂರು ವಾಲಿಸಿ ಯಾರದೋ ಗುಟ್ಟು ಕೇಳುತ್ತಿರುವಂತೆ ನಿಂತಿತ್ತು.

ಕೆಳಮಹಡಿಯ ಮೂಲೆಮನೆ ಅವಳ ತಂಗಿಯದು. ತಂಗಿಯೇ ಈ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಕೈಯಲ್ಲಿ ಪಟ್ಟಿ, ಕಿವಿಯ ಸಂದಿಯಲ್ಲಿ ಪೆನ್ನು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಗುಡಿಸುವ ಕೆಲಸವನ್ನು ಮನೆಮನೆಗೂ ಹಂಚಿದವಳು ಅವಳೇ.

"ಅಕ್ಕಾ, ಬಂದ ಕೂಡಲೇ ಶುರು ಮಾಡಬೇಡ" ಅಂದಳು ತಂಗಿ. "ಸಂಜೆ ನಾಲ್ಕಕ್ಕೆ ಸಾಹೇಬರು ಬರ್ತಾರೆ. ಕಟ್ಟಡ ನೋಡಿ, ಅಪಾಯ ಇಲ್ಲ ಅಂತ ಕಾಗದ ಕೊಡ್ತಾರೆ. ಕಾಗದ ಸಿಕ್ಕಿದ್ರೆ ಇವತ್ತೇ ಎಲ್ಲರೂ ಮನೆ ಒಳಗೆ. ಅಷ್ಟರಲ್ಲಿ ಅಂಗಳ ಚೊಕ್ಕ ಇರಬೇಕು."

"ಯಾವ ಸಾಹೇಬರು?"

ತಂಗಿ ಪಟ್ಟಿ ನೋಡುವ ನೆಪ ಮಾಡಿದಳು. "ನಿನಗೆ ಗೊತ್ತಿರೋರೇ."

ಗುಂಡಕ್ಕನ ಪಿತ್ತ ನೆತ್ತಿಗೇರಿತು. ಗೊತ್ತಿಲ್ಲದೆ ಏನು! ಮಾತೆತ್ತಿದರೆ 'ವರದಿಯಲ್ಲಿದೆ' ಅನ್ನುವ ಮನುಷ್ಯ. ಅವನಿಗೆ ವರದಿ ಸಾಹೇಬ ಎಂದು ಹೆಸರಿಟ್ಟವಳೇ ಅವಳು. ಈ ಕಟ್ಟಡದ ನೆಲ ಗಟ್ಟಿಯಾಗಿದೆ ಎಂದು ಹನ್ನೆರಡು ವರ್ಷದ ಹಿಂದೆ ಬರೆದುಕೊಟ್ಟ ಎಂಜಿನಿಯರನೇ ಈಗ ಅದನ್ನು ಪರೀಕ್ಷಿಸಲು ಬರುತ್ತಾನಂತೆ.

"ಅವನು ಈ ಮರಳು ನೋಡಿದ್ನಾ?"

"ಮೊನ್ನೆ ಬಂದು ನೋಡಿದ್ರು. ನೀರಿನ ಪೈಪ್ ಒಡೆದು ಮರಳು ಮೇಲೆ ಬಂದಿದೆ ಅಂದ್ರು. ಗುಡಿಸಿಬಿಡಿ, ಏನೂ ಆಗಲ್ಲ ಅಂದ್ರು."

"ಪೈಪ್ ಒಡೆದಿದ್ರೆ ನಿಮ್ಮ ನಲ್ಲೀಲಿ ನೀರು ಬರ್ತಿರೋದು ಹೇಗೆ?"

"ರಿಪೇರಿ ಮಾಡಿಸಿರ್ತಾರೆ."

"ಯಾರು?"

ತಂಗಿ ಸುತ್ತ ನೋಡಿದಳು. ಪೈಪು ರಿಪೇರಿ ಮಾಡಿದವರು ಯಾರೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಮಾಡಿರಲಿಲ್ಲ. ಆದರೂ ಒಬ್ಬರೂ ಪೊರಕೆ ಕೆಳಗಿಡಲಿಲ್ಲ. ಐದು ದಿನ ಬಯಲಲ್ಲಿ ಡೇರೆಯೊಳಗೆ ಮಲಗಿದ ಜನ ತಮ್ಮ ಮನೆಗೆ ಹೋಗಲು ಯಾವ ಕಥೆಯನ್ನಾದರೂ ನಂಬಲು ಸಿದ್ಧರಿದ್ದರು. ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ ತಂಗಿಯ ಅತ್ತೆ, ಮುಗಿಯದ ಗೊಣಗಾಟದ ನಡುವೆ, "ನನ್ನ ಮಂಚ ನನಗೆ ಬೇಕು. ಆ ಡೇರೇಲಿ ಬೆನ್ನು ಮುರಿದುಹೋಯ್ತು. ಇವತ್ತು ಏನಾದ್ರೂ ಆಗಲಿ, ನಾನು ನನ್ನ ಮಂಚದ ಮೇಲೇ ಮಲಗೋಳು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಇಷ್ಟೇ ಆಗಿದ್ದರೆ ಗುಂಡಕ್ಕ ಹಲ್ಲು ಕಚ್ಚಿಕೊಂಡು ಸಮಾಧಾನವಾಗಿ ಮಾತಾಡುತ್ತಿದ್ದಳೋ ಏನೋ. ಅಷ್ಟರಲ್ಲಿ ಕಂಬದ ಹತ್ತಿರ ತಂಗಿಯ ಗಂಡ ಕಣ್ಣಿಗೆ ಬಿದ್ದ. ಪ್ಯಾಂಟು ಮೊಣಕಾಲಿಗೆ ಮಡಚಿ, ಬಾಚಿ ತಂದ ಮರಳಿಗೆ ಸಿಮೆಂಟು ಸುರಿದು, ಕಲಸಿ, ಕಂಬದ ಬುಡದ ಬಿರುಕಿಗೆ ಮೆತ್ತುತ್ತಿದ್ದ. ಮುಖದ ಮೇಲೆ ದೊಡ್ಡ ಸಾಧನೆಯ ಕಳೆ.

"ನೋಡಿ ಅಕ್ಕಾ, ಎಷ್ಟು ನಯವಾದ ಮರಳು! ಜರಡಿ ಹಿಡಿಯೋ ಕೆಲಸಾನೇ ಇಲ್ಲ" ಅಂದ.

ಗುಂಡಕ್ಕ ಅವನ ಕೈಯಿಂದ ಕರಣೆ ಕಿತ್ತುಕೊಂಡು ಎಸೆದಳು. ಅದು ಹೋಗಿ ಗೋಡೆಗೆ ಬಡಿದು ಠಣ್ ಅಂತು. ಈಗ ಎಲ್ಲ ಪೊರಕೆಗಳೂ ನಿಂತವು.

"ಕಂಬದ ಕೆಳಗಿನ ಮರಳು ಕಣಯ್ಯಾ ಇದು! ಕಂಬವನ್ನ ಹೊತ್ತುಕೊಂಡು ಇದ್ದಿದ್ದು ಇದೇ. ಅಡಿಯಿಂದ ಕಿತ್ತು ಮೇಲೆ ಬಂದಿದೆ. ಅದನ್ನೇ ತಂದು ಬಿರುಕಿಗೆ ಮೆತ್ತುತ್ತಿದ್ದೀಯಲ್ಲ, ಬುದ್ಧಿ ಬೇಡ್ವಾ ನಿಮಗೆ?"

"ಕಂಬದ ಕೆಳಗಿಂದ ಮರಳು ಹೇಗೆ ಮೇಲೆ ಬರುತ್ತೆ?" ಎಂದು ಮೂರನೇ ಮಹಡಿಯ ಮೇಷ್ಟ್ರು ಕೇಳಿದರು. ಕೇಳಿದ್ದು ತಮಾಷೆಗಲ್ಲ, ನಿಜಕ್ಕೂ ತಿಳಿಯದೆ.

ಗುಂಡಕ್ಕನಿಗೆ ವಿವರಿಸುವ ತಾಳ್ಮೆ ಇರಲಿಲ್ಲ, ಆದರೂ ವಿವರಿಸಿದಳು. ಇಲ್ಲಿ ಮೊದಲು ಹಳೇ ಹೊಳೆಯ ಪಾತ್ರ ಇತ್ತು. ಮೇಲೆ ಒಂದಾಳು ಎತ್ತರಕ್ಕೆ ಕೆಂಪುಮಣ್ಣು ತುಂಬಿಸಿದ್ದಾರೆ, ಕೆಳಗೆ ಪೂರ್ತಿ ಸಡಿಲ ಮರಳು, ಕಾಳುಕಾಳಿನ ನಡುವೆಯೂ ನೀರು. ಡಬ್ಬಿಗೆ ಬೇಳೆ ತುಂಬಿ ಕುಲುಕಿದರೆ ಬೇಳೆ ಕೆಳಗೆ ಕೂರುತ್ತದಲ್ಲ, ಹಾಗೆ ಭೂಮಿ ಕುಲುಕಿದಾಗ ಮರಳೂ ಒತ್ತಾಗಿ ಕೂರಲು ನೋಡುತ್ತದೆ. ಆದರೆ ನಡುವೆ ನೀರಿದೆ, ಅದಕ್ಕೆ ಪಕ್ಕಕ್ಕೆ ಸರಿಯಲು ಪುರುಸೊತ್ತಿಲ್ಲ. ಮರಳಿನ ಕಾಳು ಒಂದರ ಕೈ ಒಂದು ಬಿಡುತ್ತದೆ, ಕಟ್ಟಡದ ಭಾರವೆಲ್ಲ ನೀರಿನ ತಲೆಗೆ ಬೀಳುತ್ತದೆ. ಅಷ್ಟು ಹೊತ್ತು ನೆಲ ನೆಲವಾಗಿರುವುದಿಲ್ಲ, ದ್ರವವಾಗಿರುತ್ತದೆ. ಇಕ್ಕಟ್ಟಿಗೆ ಸಿಕ್ಕ ನೀರು ಎಲ್ಲಿ ಬಿರುಕು ಸಿಗುತ್ತದೋ ಅಲ್ಲಿಂದ ಮೇಲಕ್ಕೆ ನುಗ್ಗುತ್ತದೆ, ಬರುವಾಗ ಮರಳನ್ನೂ ಎಳೆದುಕೊಂಡು ಬಂದು ಬಾಯಿಯ ಸುತ್ತ ಉಗುಳುತ್ತದೆ. ನೀರು ಇಂಗಿಹೋಗುತ್ತದೆ, ಗುಡ್ಡೆ ಉಳಿಯುತ್ತದೆ.

"ಪೈಪ್ ಒಡೆದಿದ್ರೆ ಕೆಂಪುಮಣ್ಣು ಬರಬೇಕಿತ್ತು ಮೇಷ್ಟ್ರೇ. ಪೈಪ್ ಇರೋದು ಮೊಣಕಾಲುದ್ದ ಆಳದಲ್ಲಿ. ಈ ಬೂದು ಮರಳು ಸಿಗೋದು ಒಂದಾಳು ಆಳದಿಂದ ಕೆಳಗೆ. ಇಲ್ಲಿ ಕಟ್ಟೋ ಮೊದಲು ಬೋರು ಕೊರೆದಾಗ ನಮ್ಮಪ್ಪ ತೆಗೆದು ತೋರಿಸಿದ್ರು. ಇನ್ನೊಂದು ಸಲ ಭೂಮಿ ಅಲುಗಿದ್ರೆ ಈ ಮೂಲೆ ಎಲ್ಲಿಗೆ ಹೋಗುತ್ತೆ ಅಂತ ಯಾರು ಹೇಳೋರು?"

'ನಮ್ಮಪ್ಪ' ಎನ್ನುವ ಮಾತು ಬಂದದ್ದೇ ತಂಗಿಯ ಮುಖ ಬಿಗಿಯಾಯಿತು. ಅಕ್ಕನ ತೋಳು ಹಿಡಿದು ಗೋಡೆಯ ಕಡೆ ಎಳೆದುಕೊಂಡು ಹೋದಳು.

"ಅಪ್ಪನ ವಿಷಯ ಇಲ್ಲಿ ತೆಗೀಬೇಡ. ಅಪ್ಪ ಬೋರಲ್ಲಿ ನೀರು ಇಳಿಯೋಕೆ ಬಿಟ್ಟಿದ್ದು, ಲೆಕ್ಕ ಕೆಡಿಸಿದ್ದು ಇಡೀ ಊರಿಗೇ ಗೊತ್ತು. ಅಪ್ಪನ ಪೆಟ್ಟಿನ ನಂಬರ್ ಹಿಡ್ಕೊಂಡು ನಾನು ಇಷ್ಟು ಜನಾನ ಬೀದೀಲಿ ಕೂರಿಸ್ಲಾ? ನಾಲ್ಕು ವರ್ಷದಿಂದ ನನ್ನ ಮನೆ ಹೊಸ್ತಿಲು ತುಳಿದಿಲ್ಲ ನೀನು. ಈಗ ಬಂದು ಬುದ್ಧಿ ಹೇಳ್ತೀಯಾ?"

ಗುಂಡಕ್ಕನ ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ. ತೋಳು ಬಿಡಿಸಿಕೊಂಡು, ಗೇಟು ದಾಟಿ ಹೊರಟುಹೋದಳು. ಸೋತಳು ಎಂದುಕೊಂಡು ಪೊರಕೆಗಳು ಮತ್ತೆ ಶುರುವಾದವು.

ಆ ಮಾತು ಏಕೆ ಹೊರಡಲಿಲ್ಲ ಎನ್ನುವುದನ್ನು ಹೇಳಬೇಕು.

ನೀರಿರುವ ಮರಳಿನಲ್ಲಿ ಬೋರು ಕೊರೆಯುವಾಗ ಒಂದು ನಿಯಮವಿದೆ. ತೂತಿನೊಳಗೆ ನೀರು ಸದಾ ಬಾಯಿಮಟ್ಟ ತುಂಬಿರಬೇಕು. ಒಳಗಿನ ನೀರು ಹೊರಗಿನ ನೀರಿಗಿಂತ ಕೆಳಗಿಳಿದರೆ, ಹೊರಗಿನ ನೀರು ತಳದಿಂದ ಒಳಕ್ಕೆ ನುಗ್ಗುತ್ತದೆ, ಮರಳು ಕುದಿಯುವ ಹಾಗೆ ತೂತಿನೊಳಗೆ ಏರುತ್ತದೆ. ತಳ ಸಡಿಲವಾಗಿಬಿಡುತ್ತದೆ, ಆಮೇಲೆ ಎಷ್ಟು ಪೆಟ್ಟು ಹಾಕಿದರೂ ಬರುವ ಸಂಖ್ಯೆ ಸುಳ್ಳು. ಅದಕ್ಕೇ ಒಬ್ಬರು ಬೇರೆ ಕೆಲಸ ಬಿಟ್ಟು ಪೈಪು ಹಿಡಿದು ನೀರು ನೋಡಿಕೊಳ್ಳುತ್ತಲೇ ಇರಬೇಕು. ಬೋರಿನ ಪುಸ್ತಕದಲ್ಲಿ ಅದಕ್ಕೊಂದು ಸಾಲೇ ಇರುತ್ತದೆ: ನೀರು ನೋಡಿಕೊಂಡವರು.

ಹನ್ನೆರಡು ವರ್ಷದ ಹಿಂದೆ ಈ ಜಾಗದಲ್ಲಿ ಐದು ಬೋರು ಕೊರೆದರು. ನೀರು ನೋಡಿಕೊಳ್ಳುವ ಕೆಲಸ ಗುಂಡಕ್ಕನದು. ಮೊದಲ ಬೋರಿನಲ್ಲಿ ಆರು ಮೀಟರು ಆಳದಲ್ಲಿ ನಾಲ್ಕು ಪೆಟ್ಟು, ಎರಡನೆಯದರಲ್ಲಿ ಮೂರು. ಮೂರನೇ ಬೋರಿನ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ತಂಗಿ. ತಾನೊಬ್ಬನನ್ನು ಮೆಚ್ಚಿದ್ದೇನೆ, ಮದುವೆಯಾದರೆ ಅವನನ್ನೇ, ಅಪ್ಪನಿಗೆ ನೀನೇ ಹೇಳಬೇಕು ಎಂದು ಒಂದೇ ಅಳು. ಅಪ್ಪನಿಗೆ ಕೇಳಿಸದಿರಲಿ ಎಂದು ಗುಂಡಕ್ಕ ಪೈಪನ್ನು ಬೋರಿನ ಬಾಯಿಗೆ ಸಿಕ್ಕಿಸಿ ದೂರ ಹೋದಳು. ಪೈಪು ಜಾರಿ ಬಿತ್ತು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ನೀರು ಎರಡಾಳು ಇಳಿದು, ಮರಳು ಮೂರಡಿ ಮೇಲೆ ಬಂದಿತ್ತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೋರಿನ ಪುಸ್ತಕ ತೆಗೆದು, 'ಮೂರನೇ ಬೋರು, ಎರಡು ಪೆಟ್ಟು, ನೀರು ಇಳಿದಿತ್ತು, ಈ ಸಂಖ್ಯೆ ನಂಬಬಾರದು' ಎಂದು ಸ್ಪಷ್ಟವಾಗಿ ಬರೆದ. ಬರೆಯದೆ ಮುಚ್ಚಿಹಾಕಬಹುದಿತ್ತು, ಎಲ್ಲ ಮೇಸ್ತ್ರಿಗಳೂ ಮುಚ್ಚಿಹಾಕುತ್ತಾರೆ. ನೀರು ನೋಡಿಕೊಂಡವರು ಎಂಬ ಸಾಲಿನ ಮುಂದೆ 'ನಾನೇ' ಎಂದು ಬರೆದು ಪುಟ ತಿರುವಿದ. ನಾಲ್ಕನೆಯದರಲ್ಲಿ ಐದು ಪೆಟ್ಟು ಬಂತು, ಐದನೆಯದರಲ್ಲಿ ಮತ್ತೆ ನಾಲ್ಕು.

ವರದಿ ಸಾಹೇಬನಿಗೆ ಆ ಒಂದು ಸಾಲು ಸಾಕಾಯಿತು. 'ಮೇಸ್ತ್ರಿ ನೀರು ಇಳಿಯಲು ಬಿಟ್ಟಿದ್ದಾನೆ, ತಾನೇ ಒಪ್ಪಿಕೊಂಡಿದ್ದಾನೆ, ಐದೂ ಬೋರಿನ ಸಂಖ್ಯೆಗಳು ತಪ್ಪು' ಎಂದು ಹೇಳಿ, ಐದಕ್ಕೂ ತಾನೇ ಹೊಸ ಸಂಖ್ಯೆ ಬರೆದ. ಆರು ಮೀಟರಿನಲ್ಲಿ ಹದಿನೆಂಟು. ಆ ಹದಿನೆಂಟು ಯಾವ ನೆಲದಿಂದ ಬಂತೋ ದೇವರೇ ಬಲ್ಲ, ಈ ನೆಲದಿಂದ ಮಾತ್ರ ಬರಲಿಲ್ಲ. ಅದರ ಮೇಲೆ ಕಟ್ಟಡ ಎದ್ದಿತು. ಅಪ್ಪನಿಗೆ 'ನೀರು ಬಿಟ್ಟ ಮೇಸ್ತ್ರಿ' ಎಂಬ ಹೆಸರು ಬಿತ್ತು. ಯಾರೂ ಬೋರಿನ ಕೆಲಸಕ್ಕೆ ಕರೆಯಲಿಲ್ಲ. ಎರಡು ವರ್ಷ ಅವರಿವರ ಮನೆಯ ಪಂಪು ರಿಪೇರಿ ಮಾಡಿಕೊಂಡಿದ್ದು ಹೋಗಿಬಿಟ್ಟ. ಕೊನೆಯವರೆಗೂ 'ನಾನೇ' ಎಂದದ್ದು 'ನಾನೇ' ಆಗಿಯೇ ಉಳಿಯಿತು.

ಗುಂಡಕ್ಕ ಬಾಯಿ ಬಿಡಲಿಲ್ಲ. ಮೊದಲು ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ತಡವಾಯಿತೆಂಬ ನೆವ. ನಾಲ್ಕು ವರ್ಷದ ಹಿಂದೆ ತಂಗಿ ಇಲ್ಲೇ ಮನೆ ತೆಗೆದುಕೊಳ್ಳುತ್ತೇನೆ ಎಂದಾಗಲೂ 'ಬೇಡ, ಬೇಡ' ಎಂದು ಕಿರುಚಾಡಿದಳೇ ಹೊರತು ಏಕೆ ಬೇಡ ಎಂದು ಹೇಳಲಿಲ್ಲ. ಹೇಳಬೇಕಾದರೆ ಮೂರನೇ ಬೋರಿನ ಹತ್ತಿರ ಹೋಗಬೇಕಿತ್ತು. ಜಗಳ ಆಡಿದಳು, ಮುನಿಸಿಕೊಂಡಳು, ಗೃಹಪ್ರವೇಶಕ್ಕೂ ಬರಲಿಲ್ಲ. ಊರ ಮೇಲೆಲ್ಲ ಸಿಡುಕುವ ಅವಳ ಸಿಟ್ಟಿನಲ್ಲಿ ಅರ್ಧ ಪಾಲು ತನ್ನ ಮೇಲೇ ಇದ್ದದ್ದು.

ಮಧ್ಯಾಹ್ನ ಹನ್ನೆರಡಾಗುವಾಗ ಗೇಟಿನ ಮುಂದೆ ಗುಂಡಕ್ಕನ ಲಾರಿ ಬಂದು ನಿಂತಿತು. ಮೂರು ಕಾಲಿನ ಕಂಬ, ರಾಟೆ, ಹಗ್ಗ, ರಾಡು, ತೂತು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು, ಗುಂಡು ಎಲ್ಲ ಇಳಿದವು. ಜೊತೆಗೆ ಅವಳ ಇಬ್ಬರು ಆಳುಗಳು, ಹಗ್ಗ ಎಳೆಯುವವನು ಮತ್ತು ಪಂಪು ನೋಡುವವನು. ಇಬ್ಬರೂ ಅಕ್ಕನ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡಿದ್ದರು.

"ಏನಿದು?" ಎಂದು ತಂಗಿ ಓಡಿಬಂದಳು.

"ಅಪ್ಪನ ನಂಬರ್ ಬೇಡ ಅಂದೆಯಲ್ಲ, ಬೇಡ. ನಿಮ್ಮ ಕಣ್ಣ ಮುಂದೆ ಹೊಸದಾಗಿ ತೆಗೀತೀನಿ. ಎಣಿಸೋರು ನೀವೇ, ನಾನು ಬಾಯಿ ಬಿಡಲ್ಲ."

ತಂಗಿ ಬೇಡ ಎನ್ನುತ್ತಿದ್ದಳು. ಆದರೆ ಮೇಷ್ಟ್ರು, "ಎಣಿಸೋಕೆ ಏನು ಕಷ್ಟ? ನಾಲ್ಕು ಗಂಟೆವರೆಗೂ ಸುಮ್ನೆ ಕೂರೋ ಬದಲು ನೋಡೋಣ ಬಿಡಿ" ಅಂದರು. ಜನಕ್ಕೂ ಗುಡಿಸಿ ಸಾಕಾಗಿತ್ತು. ಎರಡು ಗುಡ್ಡೆಗಳ ನಡುವೆ, ಹಳೇ ಮೂರನೇ ಬೋರಿನಿಂದ ನಾಲ್ಕು ಹೆಜ್ಜೆ ಆಚೆಗೆ, ಗುಂಡಕ್ಕ ಹಿಮ್ಮಡಿಯಿಂದ ನೆಲದ ಮೇಲೆ ಗುರುತು ಹಾಕಿದಳು. ಅಲ್ಲೇ ಏಕೆ ಎಂದು ಯಾರೂ ಕೇಳಲಿಲ್ಲ.

ಮೊದಲ ಎರಡು ಮೀಟರು ಕೆಂಪುಮಣ್ಣು ಬಂತು. ಆಮೇಲೆ ಬಂದದ್ದನ್ನು ಅವಳು ಅಂಗೈಯಲ್ಲಿಟ್ಟು ಸುತ್ತ ತೋರಿಸಿದಳು. ಬೂದು ಮರಳು, ಅದರಲ್ಲಿ ಸಾಸಿವೆಯಷ್ಟು ದೊಡ್ಡ ಬಿಳೀ ಚಿಪ್ಪುಗಳು. ಮೇಷ್ಟ್ರು ಪಕ್ಕದ ಗುಡ್ಡೆಯಿಂದ ಒಂದು ಹಿಡಿ ತೆಗೆದು ಬೆರಳಿನಿಂದ ಕೆದಕಿದರು. ಅದರಲ್ಲೂ ಅದೇ ಚಿಪ್ಪು. ಅವರು ಆ ಮರಳನ್ನು ಪಕ್ಕದಲ್ಲಿ ನಿಂತವರ ಕೈಗೆ ಕೊಟ್ಟರು, ಅವರು ಮತ್ತೊಬ್ಬರಿಗೆ ಕೊಟ್ಟರು. ತಂಗಿಯ ಗಂಡ ಮೆಲ್ಲಗೆ ಹೋಗಿ, ಕಲಸಿಟ್ಟ ಸಿಮೆಂಟಿನ ಮೇಲೆ ಗೋಣಿಚೀಲ ಮುಚ್ಚಿ ಬಂದ.

ಬೋರು ಆರು ಮೀಟರು ಮುಟ್ಟುವಾಗ ವರದಿ ಸಾಹೇಬ ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು, ವಯಸ್ಸಾಗಿ ಇನ್ನಷ್ಟು ಗೌರವಸ್ಥನಾಗಿದ್ದ. ಕಂಬ, ರಾಟೆ ನೋಡಿ ಒಂದು ಕ್ಷಣ ನಿಂತ, ಗುಂಡಕ್ಕನನ್ನು ನೋಡಿ ನಕ್ಕ.

"ಓಹೋ, ಮೇಸ್ತ್ರಿ ಮಗಳು! ಯಾರ ಅನುಮತಿ ತಗೊಂಡೆ? ಇರಲಿ ಬಿಡು. ಅಪ್ಪನ ಹಾಗೆ ನೀರು ಮಾತ್ರ ಬಿಡಬೇಡಮ್ಮಾ."

ಕೆಲವರು ನಕ್ಕರು. ತಂಗಿ ತಲೆ ತಗ್ಗಿಸಿದಳು. ಗುಂಡಕ್ಕನ ಕೈಯಲ್ಲಿ ಪೈಪು ಹಿಡಿಯುವ ಇಕ್ಕಳ ಇತ್ತು. ಅದನ್ನು ಅವನ ತಲೆಯ ಮೇಲೆ ಬೀಸಬೇಕು ಅನ್ನಿಸಿದ್ದು ಸುಳ್ಳಲ್ಲ. ಬೀಸುವ ಬದಲು ಅದನ್ನು ನೆಲದ ಮೇಲಿಟ್ಟು, ಕೈ ಒರೆಸಿಕೊಂಡು ಎದ್ದು ನಿಂತಳು.

"ನೀರು ಬಿಟ್ಟಿದ್ದು ನಮ್ಮಪ್ಪ ಅಲ್ಲ. ನಾನು."

ನಗುತ್ತಿದ್ದವರು ಅವಳ ಕಡೆ ತಿರುಗಿದರು.

"ಐದರಲ್ಲಿ ಒಂದು ಬೋರು. ಮೂರನೇದು. ಫೋನ್ ಬಂತು ಅಂತ ಪೈಪ್ ಬಿಟ್ಟು ಹೋದೆ. ಅಪ್ಪ ಅದನ್ನ ಮುಚ್ಚಿಡಲಿಲ್ಲ, ನಂಬಬೇಡಿ ಅಂತ ಬರೆದ್ರು. ನನ್ನ ಹೆಸರು ಹಾಕೋ ಕಡೆ ತನ್ನನ್ನ ಹಾಕ್ಕೊಂಡ್ರು. ಮಿಕ್ಕ ನಾಲ್ಕು ಬೋರಲ್ಲಿ ಒಂದು ಹನಿ ಇಳಿದಿರಲಿಲ್ಲ. ಆ ನಾಲ್ಕನ್ನ ಯಾಕೆ ಎಸೆದ್ರಿ ಸಾಹೇಬ್ರೇ? ಒಬ್ಬ ಮನುಷ್ಯ ನಿಯತ್ತಾಗಿ ಒಂದು ತಪ್ಪು ಬರೆದಿದ್ದಕ್ಕೆ ಅವನ ಸತ್ಯವನ್ನೆಲ್ಲ ಸುಳ್ಳು ಮಾಡಿದ್ರಲ್ಲ, ನಿಮ್ಮ ಕೈ ನಡುಗಲಿಲ್ವಾ?"

ಅವಳ ಚೀಲದಲ್ಲಿ ಅಪ್ಪನ ಪುಸ್ತಕದ ಕಾರ್ಬನ್ ಪ್ರತಿ ಇತ್ತು. ಮೇಷ್ಟ್ರ ಕೈಗೆ ಕೊಟ್ಟಳು. ಅವರು ಕನ್ನಡಕ ಏರಿಸಿ ಪಾಠ ಓದುವ ಹಾಗೆ ಓದಿದರು: ನಾಲ್ಕು, ಮೂರು, ಎರಡು ನಂಬಬಾರದು, ಐದು, ನಾಲ್ಕು.

"ಹಳೇ ಕಾಗದ" ಅಂದ ವರದಿ ಸಾಹೇಬ. "ಅಧಿಕೃತ ವರದಿಯಲ್ಲಿ ಬೇರೆ ಇದೆ."

"ಹೌದು, ಇದೆ" ಎಂಬ ದನಿ ಬಂತು. ತಂಗಿಯದು. ಅವಳು ಸಂಘದ ಫೈಲು ತೆರೆದಿದ್ದಳು. "ಆರು ಮೀಟರ್. ಹದಿನೆಂಟು." ಓದಿ ಮುಗಿಸಿ ಅಕ್ಕನ ಕಡೆ ನೋಡಿದಳು. "ಫೋನ್ ಯಾರದು ಅಕ್ಕಾ?"

ಗುಂಡಕ್ಕ ತಂಗಿಯ ಮುಖವನ್ನೇ ನೋಡಿದಳು. ತಂಗಿ ಬೆರಳು ಮಡಚಿ ವರ್ಷ ಲೆಕ್ಕ ಹಾಕಿದಳು. ಗಂಡನ ಕಡೆ ಒಮ್ಮೆ ನೋಡಿದಳು. ಆಮೇಲೆ ಫೈಲನ್ನು ಅತ್ತೆಯ ಮಡಿಲಿಗೆ ಹಾಕಿ, ಪಂಪು ನೋಡುವವನ ಕೈಯಿಂದ ನೀರಿನ ಪೈಪು ಕಿತ್ತುಕೊಂಡು, ಬೋರಿನ ಬಾಯಿಯ ಹತ್ತಿರ ಮಂಡಿಯೂರಿ ಕೂತಳು.

"ಎಲ್ಲಿವರೆಗೂ ಇರಬೇಕು?"

"ಬಾಯಿಮಟ್ಟ. ಕಣ್ಣು ತೆಗೀಬೇಡ" ಅಂದಳು ಗುಂಡಕ್ಕ.

ರಾಡಿನ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಹಾಕಿದಳು. ಮೊದಲ ಅರ್ಧ ಅಡಿ ಲೆಕ್ಕಕ್ಕಿಲ್ಲ, ಅದರ ಮುಂದಿನ ಒಂದು ಅಡಿ ಲೆಕ್ಕ ಎಂದು ಎಲ್ಲರಿಗೂ ಹೇಳಿದಳು. ಲೆಕ್ಕಕ್ಕಿಲ್ಲದ ಅರ್ಧ ಅಡಿ, ಗುಂಡನ್ನು ಸುಮ್ಮನೆ ಮೇಲೆ ಕೂರಿಸಿದ್ದಕ್ಕೇ ಇಳಿದುಹೋಯಿತು. ಯಾರೋ 'ಅಯ್ಯೋ' ಅಂದರು. ಹಗ್ಗದವನು ಗುಂಡನ್ನು ಎಳೆದು, ಎತ್ತರಕ್ಕೆ ತಂದು, ಬಿಟ್ಟ.

"ಒಂದು" ಎಂದು ಮೇಷ್ಟ್ರೊಬ್ಬರೇ ಎಣಿಸಿದರು.

ಗುಂಡು ಮತ್ತೆ ಏರಿತು, ಮತ್ತೆ ಬಿತ್ತು. ಕಬ್ಬಿಣದ ಸದ್ದು ಗೋಡೆಯಿಂದ ಗೋಡೆಗೆ ಹೋಯಿತು.

"ಎರಡು." ಈಗ ಹತ್ತಿಪ್ಪತ್ತು ದನಿಗಳು.

"ಮೂರು." ಮಹಡಿಯ ಮಕ್ಕಳು, ಮುದುಕರು, ಬೆಳಗ್ಗೆ ಪೊರಕೆ ಹಿಡಿದವರು ಎಲ್ಲರೂ.

"ನಾಲ್ಕು."

ಗುಂಡಕ್ಕ ಕೈ ಎತ್ತಿದಳು. ಗೆರೆ ಬೋರಿನ ಬಾಯಿಯ ಕೆಳಗೆ ಹೋಗಿತ್ತು. ಹಿಂದೆ ನಿಂತವರು ಐದು ಎನ್ನಲು ಬಾಯಿ ತೆರೆದಿದ್ದರು, ಅದು ಹಾಗೇ ನಿಂತಿತು. ಐದನೇ ಪೆಟ್ಟು ಇರಲಿಲ್ಲ. ಹದಿನೆಂಟಕ್ಕೆ ಇನ್ನೂ ಹದಿನಾಲ್ಕು ಬಾಕಿ ಇತ್ತು, ನೆಲ ಮುಗಿದಿತ್ತು.

ಮೂಲೆಯ ಕಂಬದ ಕಡೆಗೆ ಒಬ್ಬೊಬ್ಬರೇ ತಿರುಗಿ ನೋಡಿದರು. ಮೊದಲು ಬಾಯಿ ಬಿಟ್ಟವನು ವರದಿ ಸಾಹೇಬನೇ.

"ಇದನ್ನೆಲ್ಲ ಒಪ್ಪೋಕಾಗಲ್ಲ. ಬೋರಲ್ಲಿ ನೀರು ಇಳಿದಿರಬೇಕು."

"ಇಳಿದಿಲ್ಲ" ಅಂದಳು ತಂಗಿ.

ಅವಳು ಮಂಡಿಯ ಮೇಲಿಂದ ಎದ್ದಿರಲಿಲ್ಲ. ಸೀರೆ ಸೊಂಟದವರೆಗೆ ಒದ್ದೆಯಾಗಿತ್ತು, ಪೈಪಿನ ನೀರು ಬೋರು ತುಂಬಿ ಅವಳ ಕೈಯ ಮೇಲೆ ಹರಿದುಹೋಗುತ್ತಿತ್ತು.

"ಬಾಯಿಮಟ್ಟ ಇದೆ. ನಾನೇ ಹಿಡ್ಕೊಂಡು ಕೂತಿದ್ದೀನಿ. ಬನ್ನಿ, ಬಗ್ಗಿ, ಕೈ ಹಾಕಿ ನೋಡಿ. ಬನ್ನಿ ಸಾಹೇಬ್ರೇ! ಇಷ್ಟು ದಿನ ವರದೀಲಿ ನೋಡಿದ್ದು ಸಾಕು."

ಅವನು ಬಗ್ಗಲಿಲ್ಲ. ಫೈಲನ್ನು ಕಂಕುಳಿಗೆ ಇನ್ನಷ್ಟು ಒತ್ತಿಕೊಂಡು, ಮೇಲಿನವರ ಹತ್ತಿರ ಮಾತಾಡಬೇಕು ಎಂದೇನೋ ಅನ್ನುತ್ತ ಗೇಟಿನ ಕಡೆ ಹೊರಟ. ಜನ ದಾರಿ ಬಿಡಲಿಲ್ಲ. "ಕಾಗದದಲ್ಲಿ ನಾಲ್ಕು ಅಂತ ಬರೆದು ಸಹಿ ಹಾಕಿ ಹೋಗಿ" ಎಂದು ಮೇಷ್ಟ್ರು ಪೆನ್ನು ಚಾಚಿದರು. ಅವನು ಕಾರಿನೊಳಗೆ ಕೂರುವ ಹೊತ್ತಿಗೆ ಸಂಘದ ಫೈಲಿಗೆ ಅವನ ಸಹಿ ಇದ್ದ ಒಂದು ಹಾಳೆ ಸೇರಿತ್ತು. ಯಾರೂ ಒಳಗೆ ವಾಸ ಮಾಡಬಾರದು ಎಂಬ ಸಾಲನ್ನು ಅವನ ಕೈಯಲ್ಲೇ ಬರೆಸಿದ್ದರು.

ಗುಂಡಕ್ಕ ಹೊಸ ಪುಟದಲ್ಲಿ ನಾಲ್ಕು ಎಂದು ಬರೆದು, ಪುಸ್ತಕವನ್ನು ತಂಗಿಯ ಮುಂದೆ ಹಿಡಿದಳು. ನೀರು ನೋಡಿಕೊಂಡವರು ಎಂಬಲ್ಲಿ ತಂಗಿ ಒದ್ದೆ ಕೈಯಲ್ಲೇ ತನ್ನ ಹೆಸರು ಬರೆದಳು. ಹಾಗೇ ಕಾರ್ಬನ್ ಪ್ರತಿ ತೆಗೆದುಕೊಂಡು, ಅಪ್ಪನ ಅಕ್ಷರದ 'ನಾನೇ' ಅನ್ನುವುದನ್ನು ನೋಡಿದಳು. ಅವಳ ಕಣ್ಣು ತುಂಬಿತು ಎಂದುಕೊಳ್ಳಬೇಡಿ. ಕೆಂಡವಾಯಿತು.

"ಹನ್ನೆರಡು ವರ್ಷ" ಅಂದಳು. "ಅಪ್ಪನ ಬಗ್ಗೆ ನಾನು ಎಷ್ಟು ಹೀನಾಯವಾಗಿ ಮಾತಾಡಿದ್ದೀನಿ, ನೀನು ಪಕ್ಕದಲ್ಲಿ ನಿಂತು ಕೇಳಿಸ್ಕೊಂಡಿದ್ದೀಯ. ಈ ಮನೆ ತಗೋಬೇಡ ಅಂತ ಬಾಯಿ ಬಡ್ಕೊಂಡೆಯಲ್ಲ, ಆವತ್ತು ಈ ಒಂದು ಮಾತು ಹೇಳಿದ್ರೆ ನಾನು ತಗೋತಿದ್ನಾ? ಅವನು ಸುಳ್ಳು ಬರೆದ, ಸರಿ. ನೀನ್ಯಾಕೆ ನಿಜ ಹೇಳಲಿಲ್ಲ? ಅದೇ ಮೂಲೇಲಿ ಐದು ದಿನದ ಹಿಂದೆ ನನ್ನ ಅತ್ತೆ ಮಲಗಿದ್ರು, ಗೊತ್ತಾ?"

ಇಡೀ ದಿನದಲ್ಲಿ ಗುಂಡಕ್ಕ ಯಾರ ಮೇಲೂ ಸಿಟ್ಟಾಗದೆ ನಿಂತದ್ದು ಆಗ ಮಾತ್ರ. ಬೋರಿನ ಪುಸ್ತಕದಲ್ಲಿ ಹಳೆಯದನ್ನು ಅಳಿಸುವ ಹಾಗಿಲ್ಲ, ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ಹಳೆಯದು ಕಾಣುತ್ತಿರಬೇಕು. ಅವಳು ಅಪ್ಪನ 'ನಾನೇ' ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತನ್ನ ಹೆಸರು ಬರೆದು, ಇವತ್ತಿನ ತಾರೀಖು ಹಾಕಿದಳು.

ಗೇಟಿನ ಹತ್ತಿರದಿಂದ ಅತ್ತೆಯ ದನಿ ಕೇಳಿತು. "ಕಾಗದ ಆಯ್ತಾ? ನನ್ನ ಮಂಚ ಏನಾಯ್ತು?"

ತಂಗಿ ಸೆರಗು ಹಿಂಡಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು.

"ಮಂಚ ಹೊರಗೆ ತರಬೇಕು. ಒಬ್ಬಳ ಕೈಲಿ ಆಗಲ್ಲ" ಅಂದಳು, ಅಕ್ಕನ ಮುಖ ನೋಡದೆ. "ಬಾ, ಒಂದು ಕಡೆ ಹಿಡ್ಕೋ."

ಇಬ್ಬರೂ ಮರಳ ಗುಡ್ಡೆಗಳ ನಡುವೆ ಕಾಲು ಜೋಪಾನವಾಗಿಟ್ಟು ನಡೆದರು. ಮೂಲೆಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು, ತಂಗಿ ಭುಜ ಕೊಟ್ಟು ತಳ್ಳಿದಳು. ನಾಲ್ಕು ವರ್ಷದಲ್ಲಿ ಗುಂಡಕ್ಕ ಆ ಹೊಸ್ತಿಲು ದಾಟಿದ್ದು ಅದೇ ಮೊದಲು, ಮನೆ ಖಾಲಿ ಮಾಡಲು.